ಕೈಬಿಟ್ಟ ಯಂತ್ರಗಳನ್ನು ಮತ್ತೆ ಕಾಣುವ ಜಾಗ: ಲಕೋನಿಯಾದ ಆರ್ಕೇಡ್ ಮ್ಯೂಸಿಯಂ

ನಾಣ್ಯ ಹಾಕಿ ಆಡುವ ಹಳೆಯ ವಿಡಿಯೋ ಗೇಮ್ ಯಂತ್ರಗಳನ್ನು, ಅಂದರೆ ಆರ್ಕೇಡ್ ಯಂತ್ರಗಳನ್ನು, ಸಂಗ್ರಹಿಸುವ ನಾಲ್ಕು ಜನ ಒಂದೆಡೆ ಕೂತರೆ, ಮಾತು ಅವರವರ ಮನೆಯಲ್ಲಿರುವ ಯಂತ್ರಗಳ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಗ್ಗಕ್ಕೆ ಸಿಗುತ್ತಿದ್ದರೂ ಬೇಡವೆಂದು ಬಿಟ್ಟು ಬಂದ ಯಂತ್ರಗಳ ಕಡೆಗೆ ಬಲು ಬೇಗ ಹೊರಳುತ್ತದೆ. ಮನೆಯಲ್ಲಿ ಜಾಗವಿಲ್ಲ, ಮಾನಿಟರ್ ಕೆಟ್ಟಿದೆ, ಸಾಗಿಸಲು ಗಾಡಿಯಿಲ್ಲ, ಮುಂದಿನ ತಿಂಗಳು ನೋಡೋಣ ಎಂದು ಮೀನಮೇಷ ಎಣಿಸಿದ್ದಕ್ಕೆ ಇಂದಿಗೂ ಹಳಹಳಿಸುವ ಹಲವರು ಬಾಸ್ಟನ್ ಸುತ್ತಮುತ್ತ ನನ್ನ ಪರಿಚಯದಲ್ಲಿದ್ದಾರೆ. ಅವರಿಗೆಲ್ಲ ನಾನು ಹೋಗಿಬನ್ನಿ ಎಂದು ಹೇಳುವುದು ಒಂದೇ ಜಾಗಕ್ಕೆ: ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಲಕೋನಿಯಾ ಊರಿನಲ್ಲಿ, ವೀರ್ಸ್ ಬೀಚಿನ ಬಳಿ ಇರುವ ಫನ್‌ಸ್ಪಾಟ್ ಮನರಂಜನಾ ಕೇಂದ್ರ ಮತ್ತು ಅದರೊಳಗಿನ ಅಮೆರಿಕನ್ ಕ್ಲಾಸಿಕ್ ಆರ್ಕೇಡ್ ಮ್ಯೂಸಿಯಂ. ಈ ವಿಮರ್ಶೆಯನ್ನು ಆಟಗಾರನ ಕಣ್ಣಿನಿಂದ ಬರೆಯುವುದಕ್ಕಿಂತ, ಒಂದು ಯಂತ್ರ ಕೈತಪ್ಪಿದರೆ ನಿಜವಾಗಿ ಕಳೆದುಹೋಗುವುದೇನು ಎಂಬುದನ್ನು ಅಳೆಯಲು ಹೊರಟ ಸಂಗ್ರಾಹಕನ ಕಣ್ಣಿನಿಂದ ಬರೆಯುತ್ತಿದ್ದೇನೆ.

ಫನ್‌ಸ್ಪಾಟ್ 1952ರಲ್ಲಿ ಬಾಬ್ ಲಾಟನ್ ಎಂಬ ಯುವಕ ಆರಂಭಿಸಿದ ಸಣ್ಣ ಉದ್ಯಮ. ಮಿನಿ ಗಾಲ್ಫ್ ಮತ್ತು ಪೆನ್ನಿ ಆರ್ಕೇಡಿನಿಂದ ಶುರುವಾದದ್ದು ಕ್ರಮೇಣ ಬೆಳೆದು, ಮುಂದೆ ಜಗತ್ತಿನ ಅತಿ ದೊಡ್ಡ ಆರ್ಕೇಡ್ ಎಂದು ಗಿನ್ನೆಸ್ ದಾಖಲೆಯ ಮನ್ನಣೆ ಪಡೆಯಿತು. ಮ್ಯೂಸಿಯಂ ಹುಟ್ಟಿದ್ದು 1998ರಲ್ಲಿ. ಅಲ್ಲಿಯೇ ಕೆಲಸ ಮಾಡುತ್ತಿದ್ದ ಗ್ಯಾರಿ ವಿನ್ಸೆಂಟ್, ಅಲ್ಲಲ್ಲಿ ಚದುರಿಹೋಗಿದ್ದ ಹಳೆಯ ಯಂತ್ರಗಳನ್ನು ಒಂದೇ ಕಡೆ ಸೇರಿಸಿ ಉಳಿಸಬೇಕೆಂದು ಮುಂದಾದರು. ಬೇರೆ ಕಡೆ ಗುಜರಿಗೆ ಹೋದ ಯಂತ್ರಗಳು ಇಲ್ಲಿ ಉಳಿದದ್ದಕ್ಕೆ ಯಾವ ಪವಾಡವೂ ಕಾರಣವಲ್ಲ. ದೊಡ್ಡ ಕಟ್ಟಡವೊಂದಿತ್ತು, ಯಂತ್ರ ಬಿಚ್ಚಿ ಜೋಡಿಸಬಲ್ಲ ಕೈಗಳಿದ್ದವು, ಇದನ್ನು ಬಿಸಾಡಬಾರದು ಎಂದು ಸಕಾಲದಲ್ಲಿ ಹೇಳುವವರೊಬ್ಬರಿದ್ದರು. ಸಂಗ್ರಾಹಕರಲ್ಲಿ ಬಹುಪಾಲು ಜನರಿಗೆ ಈ ಮೂರೂ ಒಟ್ಟಿಗೆ ಒದಗಿಬರಲಿಲ್ಲ.

ಆ ಯಂತ್ರಗಳು ಒಂದು ಕಾಲಕ್ಕೆ ಕವಡೆ ಕಾಸಿನ ಬೆಲೆಗೆ ಸಿಗುತ್ತಿದ್ದುದು ಏಕೆ ಎಂಬುದು ತಿಳಿಯದಿದ್ದರೆ ಇಲ್ಲಿ ನಿಂತಿರುವ ಒಂದೊಂದು ಕ್ಯಾಬಿನೆಟ್ಟಿನ, ಅಂದರೆ ಯಂತ್ರದ ಪೆಟ್ಟಿಗೆಯ, ಮಹತ್ವವೂ ಅರ್ಥವಾಗುವುದಿಲ್ಲ. ಬಾರು, ಅಂಗಡಿ, ಹೋಟೆಲುಗಳಲ್ಲಿ ಯಂತ್ರವಿಟ್ಟು ಗಳಿಕೆಯಲ್ಲಿ ಪಾಲು ಪಡೆಯುತ್ತಿದ್ದ ಆಪರೇಟರುಗಳಿಗೆ ಅದು ನಾಣ್ಯ ತರುವವರೆಗೆ ಆಸ್ತಿ, ನಿಂತ ಮರುದಿನವೇ ಗೋದಾಮಿನ ಬಾಡಿಗೆ ತಿನ್ನುವ ಹೊರೆ. 1980ರ ದಶಕದ ಮೊದಲ ವರ್ಷಗಳ ಭರಾಟೆ ಇಳಿದು, ಅಮೆರಿಕದ ವಿಡಿಯೋ ಗೇಮ್ ಉದ್ಯಮವೇ ಕುಸಿದಾಗ ಅವರು ಎರಡು ದಾರಿ ಹಿಡಿದರು. ಕೆಲವರು ಹಳೆಯ ಆಟ ನಡೆಸುವ ಸರ್ಕ್ಯೂಟ್ ಬೋರ್ಡು ಕಿತ್ತು, ಬದಿಯ ಚಿತ್ರಗಳ ಮೇಲೆ ಕಪ್ಪು ಬಣ್ಣ ಬಳಿದು, ನಿಯಂತ್ರಣ ಫಲಕಕ್ಕೆ ಹೊಸ ತೂತು ಕೊರೆದು, ಕನ್ವರ್ಶನ್ ಕಿಟ್ ಹಾಕಿ ಅದೇ ಪೆಟ್ಟಿಗೆಯಲ್ಲಿ ಬೇರೆ ಆಟ ಓಡಿಸಿದರು. ಉಳಿದವರು ಸಿಕ್ಕಿದಷ್ಟಕ್ಕೆ ಹರಾಜು ಹಾಕಿದರು. 1990ರ ದಶಕದ ಆ ಹರಾಜುಗಳಲ್ಲಿ ಇಂದು ಸಾವಿರಗಟ್ಟಲೆ ಡಾಲರ್ ಬಾಳುವ ಯಂತ್ರಗಳು ನೂರಿನ್ನೂರು ಡಾಲರಿಗೆ ಕೇಳುವವರಿಲ್ಲದೆ ನಿಂತಿರುತ್ತಿದ್ದವು. ಅಲ್ಲಿಗೆ ಹೋಗಿಯೂ ಬರಿಗೈಯಲ್ಲಿ ಮರಳಿದವರ ಸಂಕಟ ಬರೀ ಹಣದ್ದಲ್ಲ ಎಂದೇ ನಾನು ನಂಬಿದ್ದೇನೆ. ತಾವು ಬಿಟ್ಟ ಯಂತ್ರವನ್ನು ಬೇರೊಬ್ಬ ಸಂಗ್ರಾಹಕ ಕೊಂಡಿದ್ದರೆ ಅವರಿಗೆ ಸಮಾಧಾನವಿರುತ್ತಿತ್ತು. ಅದು ಒಡೆದು ಹಲಗೆಯಾಯಿತು ಎಂಬ ಸುದ್ದಿಯೇ ಅವರನ್ನು ಇನ್ನೂ ಕಾಡುವುದು.

ಮ್ಯೂಸಿಯಂ ಹೊಕ್ಕವರು ಮೊದಲು ಹುಡುಕಬೇಕಾದದ್ದು ಕಂಪ್ಯೂಟರ್ ಸ್ಪೇಸ್. ನೋಲನ್ ಬುಶ್ನೆಲ್ ಮತ್ತು ಟೆಡ್ ಡ್ಯಾಬ್ನಿ ರೂಪಿಸಿ, ನಟಿಂಗ್ ಅಸೋಸಿಯೇಟ್ಸ್ 1971ರಲ್ಲಿ ಮಾರುಕಟ್ಟೆಗೆ ತಂದ ಈ ಯಂತ್ರ, ಇವರಿಬ್ಬರೇ ಮರುವರ್ಷ ಅಟಾರಿ ಕಂಪನಿ ಸ್ಥಾಪಿಸಿ ತಂದ ಪಾಂಗ್ ಆಟಕ್ಕಿಂತ ಹಿರಿದು. ಹಲಗೆಯ ಪೆಟ್ಟಿಗೆಗಳ ಸಾಲಿನಲ್ಲಿ ಮೂಲೆಗಳೇ ಇಲ್ಲದ ಇದರ ಫೈಬರ್‌ಗ್ಲಾಸ್ ಮೈ, ಅದರೊಳಗೆ ಬೆರೆತ ಮಿನುಗು ಪುಡಿ ದೂರದಿಂದಲೇ ಕಣ್ಣು ಸೆಳೆಯುತ್ತವೆ. ಹತ್ತಿರ ಹೋದರೆ ಜಾಯ್‌ಸ್ಟಿಕ್ ಇಲ್ಲ. ನೌಕೆಯನ್ನು ತಿರುಗಿಸಲು, ಮುಂದೂಡಲು, ಗುಂಡು ಹಾರಿಸಲು ಒಂದು ಸಾಲು ಗುಂಡಿಗಳು ಮಾತ್ರ. ಒಳಗೆ ಮೈಕ್ರೋಪ್ರೊಸೆಸರ್ ಇಲ್ಲ, ಏಕೆಂದರೆ ಅದನ್ನು ಹಾಕುವ ಕಾಲ ಇನ್ನೂ ಬಂದಿರಲಿಲ್ಲ. ಇಡೀ ಆಟ ನಡೆಯುವುದು ಬಿಡಿ ಲಾಜಿಕ್ ಚಿಪ್ಪುಗಳ ಜೋಡಣೆಯಿಂದ, ಪರದೆಯಾಗಿರುವುದು ಮಾರ್ಪಡಿಸಿದ ಕಪ್ಪು-ಬಿಳುಪು ಟಿವಿ. ತಯಾರಾದದ್ದು ಸುಮಾರು 1,500 ಯಂತ್ರಗಳು ಮಾತ್ರ. ಆಡಲು ಕಷ್ಟ, ಈಗಿನವರಿಗೆ ನೀರಸವೂ ಅನ್ನಿಸಬಹುದು. ಇದನ್ನು ಅಗ್ಗಕ್ಕೆ ಬಿಟ್ಟವರು ಆಟ ಚೆನ್ನಾಗಿಲ್ಲ ಎಂಬ ಕಾರಣಕ್ಕೇ ಬಿಟ್ಟಿರಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಒಂದು ಉದ್ಯಮದ ಮೊದಲ ಹೆಜ್ಜೆಯನ್ನು ಆಟದ ಸೊಗಸಿನಿಂದ ತೂಗಲಾಗುವುದಿಲ್ಲ ಎಂಬುದು ಅದರ ಮುಂದೆ ನಿಂತಾಗ ಮನವರಿಕೆಯಾಗುತ್ತದೆ.

ಟೆಂಪೆಸ್ಟ್ ಮುಂದೆ ನಾನು ಹೆಚ್ಚು ಹೊತ್ತು ಕಳೆಯುತ್ತೇನೆ. ಅಟಾರಿಗಾಗಿ ಡೇವ್ ಥ್ಯೂರರ್ ರೂಪಿಸಿದ 1981ರ ಈ ಆಟದಲ್ಲಿ ಚಿತ್ರ ಮೂಡುವ ಬಗೆಯೇ ಬೇರೆ. ಟಿವಿಯಂತೆ ಗೆರೆಗೆರೆಯಾಗಿ ಇಡೀ ಪರದೆಯನ್ನು ತುಂಬುವ ಬದಲು, ಇಲೆಕ್ಟ್ರಾನ್ ಕಿರಣವೇ ಒಂದು ಬಿಂದುವಿನಿಂದ ಇನ್ನೊಂದಕ್ಕೆ ನೇರವಾಗಿ ಸಾಗಿ ಗೆರೆ ಎಳೆಯುತ್ತದೆ. ಕತ್ತಲೆಯ ನಡುವೆ ಆ ನೀಲಿ, ಹಳದಿ, ಕೆಂಪು ಗೆರೆಗಳು ಹೊಳೆಯುವ ಪರಿಯನ್ನು ಚಪ್ಪಟೆ ಪರದೆಯ ಮೇಲೆ ಇದುವರೆಗೆ ಯಾರೂ ಸರಿಯಾಗಿ ತೋರಿಸಿದ್ದನ್ನು ನಾನು ನೋಡಿಲ್ಲ. ಕೈಯಲ್ಲಿರುವುದು ಒಂದು ತಿರುಗುವ ಗುಬುಟು. ಒಳಗಿನ ಭಾರದಿಂದಾಗಿ ಒಮ್ಮೆ ಜೋರಾಗಿ ತಿರುಗಿಸಿ ಕೈ ಬಿಟ್ಟರೂ ಅದು ಸ್ವಲ್ಪ ಹೊತ್ತು ತನ್ನಷ್ಟಕ್ಕೆ ಓಡುತ್ತಲೇ ಇರುತ್ತದೆ, ಬೆರಳ ತುದಿಯಿಂದ ತಡೆದು ನಿಲ್ಲಿಸಬೇಕು. ಈ ಆಟದ ಮೇಲೆ ಪ್ರಾಣವಿಟ್ಟಿರುವ ನನ್ನ ಹಿರಿಯ ಸ್ನೇಹಿತರೊಬ್ಬರು, ತೊಂಬತ್ತರ ದಶಕದ ಒಂದು ಹರಾಜಿನಲ್ಲಿ ಪರದೆ ಕಪ್ಪಾಗಿದ್ದ ಟೆಂಪೆಸ್ಟನ್ನು ಮುಟ್ಟಿ ನೋಡಿ ಬಿಟ್ಟು ಬಂದರು. ಅವರ ಲೆಕ್ಕಾಚಾರ ಆಗ ಸರಿಯಾಗಿಯೇ ಇತ್ತು. ಹೀಗೆ ನೇರವಾಗಿ ಗೆರೆ ಎಳೆಯುವ ಪರದೆಗೆ ವೆಕ್ಟರ್ ಮಾನಿಟರ್ ಎನ್ನುತ್ತಾರೆ; ಇದರಲ್ಲಿ ಬಳಸಿದ ವೆಲ್ಸ್-ಗಾರ್ಡ್ನರ್ 6100 ಬಣ್ಣದ ವೆಕ್ಟರ್ ಮಾನಿಟರ್ ಕೆಡುವುದಕ್ಕೆ ಹೆಸರುವಾಸಿ. ಅದರ ಕಡಿಮೆ ವೋಲ್ಟೇಜಿನ ವಿಭಾಗ ಕೈಕೊಟ್ಟರೆ ಕಿರಣವನ್ನು ಓಡಿಸುವ ಟ್ರಾನ್ಸಿಸ್ಟರುಗಳೂ ಅದರೊಂದಿಗೆ ಸುಟ್ಟುಹೋಗುತ್ತವೆ. ಮುಂದೆ ಹವ್ಯಾಸಿಗಳೇ ಆ ದುರ್ಬಲ ಭಾಗಕ್ಕೆ ಬದಲಿ ಬೋರ್ಡುಗಳನ್ನು ತಯಾರಿಸುತ್ತಾರೆ, ರಿಪೇರಿಯ ವಿಧಾನಗಳನ್ನು ಒಬ್ಬರಿಗೊಬ್ಬರು ಹಂಚಿಕೊಳ್ಳುತ್ತಾರೆ ಎಂದು ಅಂದು ಆ ಹರಾಜಿನ ಅಂಗಳದಲ್ಲಿ ಊಹಿಸಲು ಯಾರಿಗೂ ಸಾಧ್ಯವಿರಲಿಲ್ಲ.

ಡಾಂಕಿ ಕಾಂಗ್ ವಿಷಯದ ಹಳಹಳಿಕೆ ಇನ್ನೂ ಸೂಕ್ಷ್ಮ. ಜಪಾನಿನ ಆಟದ ಕಂಪನಿ ನಿಂಟೆಂಡೋದ ಅಮೆರಿಕ ಶಾಖೆ ರೇಡಾರ್ ಸ್ಕೋಪ್ ಎಂಬ ಆಟದ 3,000 ಯಂತ್ರಗಳನ್ನು ಜಪಾನಿನಿಂದ ತರಿಸಿ, ಸುಮಾರು 1,000 ಮಾತ್ರ ಮಾರಿ, ಉಳಿದವನ್ನು ಏನು ಮಾಡುವುದೆಂದು ತಿಳಿಯದೆ ಕೂತಿತ್ತು. ಅದೇ ಯಂತ್ರಗಳಿಗೆ ಹೊಂದುವಂತೆ ಶಿಗೆರು ಮಿಯಾಮೊಟೊ ರೂಪಿಸಿದ ಹೊಸ ಆಟವೇ 1981ರ ಡಾಂಕಿ ಕಾಂಗ್. ಆ ಪರಿವರ್ತಿತ ಕ್ಯಾಬಿನೆಟ್ಟುಗಳು ಕೆಂಪು. ಆಟ ಗೆದ್ದ ಮೇಲೆ ಹೊಸದಾಗಿ ತಯಾರಾದವು ತಿಳಿನೀಲಿ. ಎಲ್ಲರ ಕಣ್ಣಿಗೂ ನೀಲಿಯೇ ರೂಢಿಯಾಗಿದ್ದರಿಂದ, ಪರಿಚಿತರೊಬ್ಬರು ಹಳೆಯ ಗೋದಾಮೊಂದರಲ್ಲಿ ಕಂಡ ಕೆಂಪು ಯಂತ್ರವನ್ನು ಯಾರೋ ಬಣ್ಣ ಬಳಿದು ಹಾಳುಮಾಡಿದ್ದಾರೆ ಎಂದುಕೊಂಡು ತೀರಾ ಕಡಿಮೆ ಬೆಲೆಗೂ ಬೇಡವೆಂದರು. ಯಾವ ಬಣ್ಣ ಮೂಲದ್ದು, ಯಾವುದು ಆಮೇಲೆ ಬಂದದ್ದು ಎಂಬ ತಿಳಿವಳಿಕೆ ಆಗ ಕೆಲವೇ ಜನರಲ್ಲಿತ್ತು. ಇನ್ನೊಂದು ತೊಡಕೂ ಇತ್ತು. ನಿಂಟೆಂಡೋ ಬಳಸಿದ ಸಾನ್ಯೋ ಮಾನಿಟರ್ ನಡೆಯುವುದು 100 ವೋಲ್ಟಿನಲ್ಲಿ, ಬೋರ್ಡು ಕಳುಹಿಸುವ ಚಿತ್ರ ಸಂಕೇತವೂ ಬೇರೆ ಬಹುಪಾಲು ಕಂಪನಿಗಳದಕ್ಕಿಂತ ತಿರುಗುಮುರುಗು. ಹಾಗಾಗಿ ಮಾನಿಟರ್ ಕೆಟ್ಟ ಡಾಂಕಿ ಕಾಂಗ್‌ಗೆ ಕೈಗೆ ಸಿಕ್ಕ ಮಾನಿಟರ್ ಹಾಕಿ ಓಡಿಸುವಂತಿರಲಿಲ್ಲ, ತಿಳಿದವರೇ ಹಿಂಜರಿಯುತ್ತಿದ್ದರು. ಇಷ್ಟೆಲ್ಲ ತಿಳಿದು ಲಕೋನಿಯಾದಲ್ಲಿ ಈ ಆಟಕ್ಕೆ ಟೋಕನ್ ಹಾಕಿದರೆ, ಆ ಚಿತ್ರ ಇನ್ನೂ ಸ್ಥಿರವಾಗಿ ನಿಂತಿರುವುದೇ ಆಟಕ್ಕಿಂತ ದೊಡ್ಡ ಸಂತೋಷ ಕೊಡುತ್ತದೆ.

ಜಟಿಲ ದಾರಿಗಳಲ್ಲಿ ಚುಕ್ಕಿಗಳನ್ನು ತಿನ್ನುತ್ತ ಸಾಗುವ ಪ್ಯಾಕ್-ಮ್ಯಾನ್ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಅತಿ ಹೆಚ್ಚು ತಯಾರಾದ ಯಂತ್ರಗಳಲ್ಲಿ ಒಂದಾದ್ದರಿಂದ ಕನ್ವರ್ಶನ್ ಕಿಟ್ಟುಗಳಿಗೆ ಬಹಳವಾಗಿ ಬಲಿಯಾದವುಗಳಲ್ಲೂ ಅದು ಒಂದು. ಬೇರೆ ಆಟ ಓಡುತ್ತಿರುವ ಹಳೆಯ ಪರದೆಯ ಹಿನ್ನೆಲೆಯಲ್ಲಿ, ವರ್ಷಗಟ್ಟಲೆ ಒಂದೇ ಚಿತ್ರ ಬಿದ್ದು ಪರದೆಯ ಹೊಳೆಯುವ ಒಳಲೇಪದಲ್ಲಿ ಸುಟ್ಟು ಉಳಿದ ಪ್ಯಾಕ್-ಮ್ಯಾನ್ ಜಾಡುಗಳನ್ನು ಕಂಡವರಿಗೆ ನಾನು ಹೇಳುವುದೇನೆಂದು ಗೊತ್ತಿದೆ. ಫನ್‌ಸ್ಪಾಟಿನಲ್ಲಿ ಈ ಆಟಕ್ಕೆ ಇನ್ನೊಂದು ಮಹತ್ವವಿದೆ: 1999ರ ಜುಲೈ 3ರಂದು ಇದೇ ಕಟ್ಟಡದಲ್ಲಿ ಅಮೆರಿಕದ ಆಟಗಾರ ಬಿಲ್ಲಿ ಮಿಚೆಲ್ 3,333,360 ಅಂಕ ಗಳಿಸಿದರು. ಒಂದೂ ಜೀವ ಕಳೆದುಕೊಳ್ಳದೆ 255 ಹಂತ ದಾಟಿ, ಅರ್ಧ ಪರದೆ ಚೆಲ್ಲಾಪಿಲ್ಲಿಯಾಗುವ 256ನೇ ಹಂತದಲ್ಲೂ ಸಿಗುವುದನ್ನೆಲ್ಲ ತಿಂದರೆ ಮಾತ್ರ ಬರುವ ಗರಿಷ್ಠ ಅಂಕ ಅದು.

ಈಗ ನಾನು ಒತ್ತಿ ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ಕೈಬಿಟ್ಟ ಯಂತ್ರದ ಬಗ್ಗೆ ಕೊರಗುವಾಗ ನಾವು ಲೆಕ್ಕ ಹಿಡಿಯುವುದು ಅಂದಿನ ನೂರು ಡಾಲರ್ ಮತ್ತು ಇಂದಿನ ಬೆಲೆ, ಅಷ್ಟನ್ನೇ. ನಡುವಿನ ಮೂವತ್ತು ವರ್ಷಗಳ ಖರ್ಚು ಆ ಲೆಕ್ಕಕ್ಕೆ ಬರುವುದಿಲ್ಲ. ಒಂದು ಕ್ಯಾಬಿನೆಟ್ 120 ಕಿಲೋ ಆಸುಪಾಸು ತೂಗುತ್ತದೆ. ನೆಲಮಾಳಿಗೆಯ ಮೆಟ್ಟಿಲಲ್ಲಿ ಅದನ್ನು ಇಳಿಸಲು ಗಟ್ಟಿಯಾದ ಕೈಗಾಡಿ, ಪಟ್ಟಿಗಳು, ನಂಬಿಕೆಯ ಇಬ್ಬರು ಬೇಕು. ತೇವ ತಾಗಿದರೆ ಅಡಿಯ ಹಲಗೆ ಊದಿಕೊಂಡು ಪದರಪದರವಾಗಿ ಬಿಚ್ಚುತ್ತದೆ. ಮಾನಿಟರಿನ ಕೆಪ್ಯಾಸಿಟರುಗಳು ಒಣಗುತ್ತವೆ, ಕನೆಕ್ಟರುಗಳು ಕಪ್ಪಾಗುತ್ತವೆ. ಚಿತ್ರನಳಿಕೆ ಸತ್ತರೆ ಹೊಸದು ತಯಾರಿಸುವ ಕಾರ್ಖಾನೆಗಳೇ ಈಗಿಲ್ಲ, ಇನ್ನೊಂದು ಹಳೆಯ ಟಿವಿಯಿಂದಲೋ ಯಂತ್ರದಿಂದಲೋ ಕಸಿ ಮಾಡಬೇಕು. ತೊಂಬತ್ತರ ದಶಕದ ಆಟಗಳೂ ಇದಕ್ಕೆ ಹೊರತಲ್ಲ: ಕ್ಯಾಪ್ಕಾಮ್ ಕಂಪನಿಯ ಸಿಪಿಎಸ್-2 ಬೋರ್ಡುಗಳಲ್ಲಿ, ಆಟದ ಪ್ರೋಗ್ರಾಮನ್ನು ಓದಲು ಬೇಕಾದ ಗುಪ್ತ ಕೀಲಿಯನ್ನು ಕಾದಿಡುವ ಬ್ಯಾಟರಿ ಮುಗಿದ ದಿನ ಬೋರ್ಡೇ ಮೂಕವಾಗುತ್ತದೆ. ಅಂದು ಆ ಯಂತ್ರವನ್ನು ತಂದಿದ್ದರೆ ಇವತ್ತಿಗೂ ಓಡುವ ಸ್ಥಿತಿಯಲ್ಲಿ ಇಟ್ಟಿರುತ್ತಿದ್ದೆ ಎಂದು ಎದೆ ಮುಟ್ಟಿ ಹೇಳಬಲ್ಲವರು ನಮ್ಮಲ್ಲಿ ಎಷ್ಟು ಜನ? ಲಕೋನಿಯಾದ ಮ್ಯೂಸಿಯಂ ಈ ಪ್ರಶ್ನೆಯನ್ನು ಎತ್ತುವುದು ಮಾತಿನಲ್ಲಲ್ಲ, ನೂರಾರು ಯಂತ್ರಗಳನ್ನು ವರ್ಷವಿಡೀ ಸಾರ್ವಜನಿಕರ ಕೈಗೆ ಕೊಟ್ಟು ನಡೆಸುವುದರಲ್ಲಿ.

ಹಳಹಳಿಕೆ ಕೆಲವರನ್ನು ಒಳ್ಳೆಯ ಕೆಲಸಕ್ಕೂ ಹಚ್ಚಿದೆ ಎಂಬುದನ್ನು ಇಲ್ಲಿ ಹೇಳಬೇಕು. ಬ್ರಿಟನ್ನಿನ ಉತ್ತರ ವೇಲ್ಸ್ ತೀರದಲ್ಲಿ ನೆಲಕಚ್ಚಿರುವ ಡ್ಯೂಕ್ ಆಫ್ ಲಂಕಾಸ್ಟರ್ ಎಂಬ ಹಳೆಯ ಹಡಗಿನೊಳಗೆ, ಎಂಬತ್ತರ ದಶಕದಿಂದ ಬೀಗ ಬಿದ್ದಿದ್ದ ಆರ್ಕೇಡ್ ಯಂತ್ರಗಳನ್ನು ಅಲ್ಲಿನ ಸಂಗ್ರಾಹಕರು ಕ್ರೇನ್ ತರಿಸಿ ಹೊರತೆಗೆದರು. ಇದಕ್ಕೂ ಮುಂಚಿನಿಂದಲೇ ಬೇರೊಂದು ಹಾನಿಯೂ ನಡೆದಿತ್ತು. 1997ರಲ್ಲಿ ಮೇಮ್ ಎಂಬ ತಂತ್ರಾಂಶ ಬಂದು ಹಳೆಯ ಆಟಗಳೆಲ್ಲ ಮನೆಯ ಕಂಪ್ಯೂಟರಿನಲ್ಲಿ ಓಡತೊಡಗಿದ ಮೇಲೆ, ಕಂಪ್ಯೂಟರ್ ಕೂರಿಸಲಿಕ್ಕಾಗಿ ಎಷ್ಟೋ ಮೂಲ ಕ್ಯಾಬಿನೆಟ್ಟುಗಳ ಕರುಳು ಕಿತ್ತರು. ಆಟದ ಪ್ರೋಗ್ರಾಮನ್ನು ಉಳಿಸಿದ್ದಕ್ಕೆ ಆ ತಂತ್ರಾಂಶಕ್ಕೆ ನಾವೆಲ್ಲ ಋಣಿಗಳು, ಆದರೆ ತಿರುಗುವ ಗುಬುಟಿನ ಭಾರವನ್ನಾಗಲಿ ವೆಕ್ಟರ್ ಗೆರೆಯ ಹೊಳಪನ್ನಾಗಲಿ ಅದು ಉಳಿಸಲಾರದು. ಮ್ಯೂಸಿಯಂ ಮೂಲ ಯಂತ್ರಗಳಿಗೇ ಅಂಟಿಕೊಂಡಿರುವುದು ಈ ಕಾರಣಕ್ಕೆ ನನಗೆ ಬಹಳ ಮೆಚ್ಚುಗೆಯ ಸಂಗತಿ.

ಒಳಗಿನ ವಾತಾವರಣದ ಬಗ್ಗೆ ಎರಡು ಮಾತು. ಬೆಳಕು ಮಂದವಾಗಿದೆ, ಪರದೆಗಳು ಚೆನ್ನಾಗಿ ಕಾಣುವುದಕ್ಕೆ ಅದೇ ಸರಿ. ಎಂಬತ್ತರ ದಶಕದ ಹಾಡುಗಳು ಯಂತ್ರಗಳ ಸದ್ದಿನ ಅಡಿಯಲ್ಲಿ ಕೇಳುತ್ತಿರುತ್ತವೆ. ಪ್ರವೇಶ ಶುಲ್ಕವಿಲ್ಲ, ಟೋಕನ್ ಕೊಂಡು ಆಡಬೇಕು, ಹಣ ಬೇಕಾದಷ್ಟೇ ಖರ್ಚಾಗುತ್ತದೆ. ಬೆಂಗಳೂರಿನ ವಿಡಿಯೋ ಗೇಮ್ ಪಾರ್ಲರುಗಳಲ್ಲಿ ನಾಣ್ಯ ಹಿಡಿದು ಸರದಿ ಕಾದು ಬೆಳೆದ ನಮ್ಮವರಿಗೆ ಈ ಪದ್ಧತಿಯನ್ನು ವಿವರಿಸಬೇಕಾಗಿಲ್ಲ, ಮಕ್ಕಳಿಗೆ ಮಾತ್ರ ಒಂದು ಟೋಕನ್ ಎಂದರೆ ಒಂದೇ ಆಟ ಎಂದು ಮೊದಲೇ ಹೇಳಿ ಕರೆದೊಯ್ಯುವುದು ಒಳ್ಳೆಯದು. ಇಷ್ಟು ಹಳೆಯ ಯಂತ್ರಗಳಲ್ಲಿ ಕೆಲವು ಯಾವ ದಿನ ಹೋದರೂ ರಿಪೇರಿಗೆ ನಿಂತಿರುವುದು ಸಹಜ, ಅದಕ್ಕಾಗಿ ಬೇಸರಪಡಬಾರದು. ನನ್ನದೊಂದು ಆಸೆಯಿದೆ: ಆಯ್ದ ಒಂದೆರಡು ಯಂತ್ರಗಳ ಹಿಂಬಾಗಿಲಿಗೆ ಗಾಜು ಹಾಕಿ, ಒಳಗಿನ ಬೋರ್ಡು, ಟ್ರಾನ್ಸ್‌ಫಾರ್ಮರ್, ಮಾನಿಟರಿನ ಕುತ್ತಿಗೆ ಕಾಣುವಂತೆ ಮಾಡಿದರೆ ಈ ಯಂತ್ರಗಳನ್ನು ಉಳಿಸುವ ಶ್ರಮ ಎಂಥದ್ದೆಂದು ಮಕ್ಕಳಿಗೂ ಗೊತ್ತಾದೀತು.

ಬಾಸ್ಟನ್ನಿನಿಂದ ಐ-93 ಹೆದ್ದಾರಿಯಲ್ಲಿ ಉತ್ತರಕ್ಕೆ ಹೊರಟರೆ ಸುಮಾರು ಎರಡು ಗಂಟೆಯ ದಾರಿ. ವರ್ಷವಿಡೀ ತೆರೆದಿರುತ್ತದೆ, ಆದರೆ ಬೇಸಿಗೆಯಲ್ಲಿ ವಿನ್ನಿಪೆಸಾಕಿ ಸರೋವರಕ್ಕೆ ಬರುವ ಜನಸಂದಣಿ ಇಲ್ಲಿಗೂ ಬರುತ್ತದೆ, ಜೂನ್ ತಿಂಗಳ ಮೋಟರ್‌ಸೈಕಲ್ ವಾರದಲ್ಲಿ ವೀರ್ಸ್ ಬೀಚಿನ ರಸ್ತೆಗಳು ತುಂಬಿಹೋಗುತ್ತವೆ. ನಿಧಾನವಾಗಿ ನೋಡಬೇಕೆನ್ನುವವರು ಶಾಲೆಗಳು ನಡೆಯುವ ತಿಂಗಳುಗಳಲ್ಲಿ, ವಾರದ ನಡುವಿನ ಒಂದು ದಿನ ಬೆಳಿಗ್ಗೆಯೇ ಹೋಗಬೇಕು. ಮ್ಯೂಸಿಯಂ ಲಾಭರಹಿತ ಸಂಸ್ಥೆಯಾಗಿದ್ದು ದೇಣಿಗೆಗಳ ನೆರವಿನಿಂದ ನಡೆಯುತ್ತದೆ. ಮನೆಯ ನೆಲಮಾಳಿಗೆಯಲ್ಲಿ ವರ್ಷಗಳಿಂದ ಆನ್ ಮಾಡದ ಯಂತ್ರವಿದ್ದು, ಅದನ್ನು ಮಾರಲೂ ಮನಸ್ಸಿಲ್ಲದೆ ದುರಸ್ತಿಗೂ ಸಮಯವಿಲ್ಲದೆ ಒದ್ದಾಡುತ್ತಿರುವ ಸಂಗ್ರಾಹಕರು, ಅದನ್ನು ಗುಜರಿಗೆ ಹಾಕುವ ಮುನ್ನ ಇಂಥ ಸಂಸ್ಥೆಗೆ ಒಮ್ಮೆ ಫೋನ್ ಮಾಡಿ ಕೇಳಬೇಕೆಂದು ಕೋರುತ್ತೇನೆ.