ಚಿಯಾ, ಕಾಮಕಸ್ತೂರಿ, ಅಗಸೆ, ಇಸಬ್‌ಗೋಲ್: ನಿತ್ಯದ ಊಟದಲ್ಲಿ ನಾಲ್ಕು ತಿಂಗಳ ಹೋಲಿಕೆ

ಕಳೆದ ವರ್ಷ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಎರಡು ತಿಂಗಳು ಹೆಚ್ಚು ಓಡಾಡುವಂತಿರಲಿಲ್ಲ. ಆ ದಿನಗಳಲ್ಲಿ ಕಾಲಿನ ನೋವಿಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಮಲಬದ್ಧತೆ. ಮಾತ್ರೆಗೆ ಮೊದಲು ಊಟದಲ್ಲಿನ ನಾರು ಮತ್ತು ಕುಡಿಯುವ ನೀರು ಎರಡನ್ನೂ ಸರಿಪಡಿಸಿಕೊಳ್ಳಿ ಎಂದು ವೈದ್ಯರು ಹೇಳಿದರು. ವಯಸ್ಕರಿಗೆ ದಿನಕ್ಕೆ 25ರಿಂದ 30 ಗ್ರಾಂ ನಾರು ಬೇಕೆಂಬುದು ಸಾಮಾನ್ಯವಾದ ಸಲಹೆ. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಮತ್ತೆ ಅನ್ನ ಎನ್ನುವ ನನ್ನ ಊಟವನ್ನು ಲೆಕ್ಕ ಹಾಕಿ ನೋಡಿದರೆ ಅದರ ಅರ್ಧವನ್ನೂ ಮುಟ್ಟುತ್ತಿರಲಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೆ ಪಾಲಿಶ್ ಮಾಡಿದ ಅಷ್ಟೇ ಅಕ್ಕಿಯಲ್ಲಿ 3 ಗ್ರಾಂ ಕೂಡ ಇರುವುದಿಲ್ಲ. ಆದ್ದರಿಂದ ಮೊದಲು ಮಾಡಿದ ಕೆಲಸವೆಂದರೆ ರಾತ್ರಿಯ ಅನ್ನದ ಜಾಗಕ್ಕೆ ಮುದ್ದೆಯನ್ನು ತಂದದ್ದು. ಉಳಿದ ಕೊರತೆಯನ್ನು ತುಂಬಲು ಯಾವ ಬೀಜ ಸರಿ ಎಂಬುದನ್ನು ತಿಳಿಯಲು ಚಿಯಾ, ಕಾಮಕಸ್ತೂರಿ, ಅಗಸೆ ಮತ್ತು ಇಸಬ್‌ಗೋಲ್ ಈ ನಾಲ್ಕನ್ನೂ ತಲಾ ಮೂರು ವಾರ ಬಳಸಿದೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಒಂದು ವಾರ ಏನನ್ನೂ ಸೇರಿಸದೆ ಬಿಟ್ಟೆ. ಪ್ರತಿದಿನ ಬೆಳಿಗ್ಗೆ ಹೊಟ್ಟೆ ಎಷ್ಟು ಸಲೀಸಾಗಿ ಖಾಲಿಯಾಯಿತು, ಉಬ್ಬರ ಇತ್ತೇ, ಎಷ್ಟು ಲೋಟ ನೀರು ಕುಡಿದೆ ಎಂಬ ಮೂರು ವಿಷಯಗಳನ್ನು ಪುಸ್ತಕದಲ್ಲಿ ಬರೆದಿಟ್ಟೆ.

ಚಿಯಾದಿಂದಲೇ ಆರಂಭಿಸಿದ್ದಕ್ಕೆ ಕಾರಣವಿದೆ. ಮೆಕ್ಸಿಕೊ ಮತ್ತು ಗ್ವಾಟೆಮಾಲಾ ಮೂಲದ, ತುಳಸಿ ಮತ್ತು ಪುದೀನದ ಕುಟುಂಬಕ್ಕೆ ಸೇರಿದ ಈ ಬೆಳೆಯನ್ನು ನಮ್ಮ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಇಲ್ಲಿನ ರೈತರಿಗೆ ಪರಿಚಯಿಸಿತು. ಈಗ ಎಚ್‌.ಡಿ. ಕೋಟೆಯ ಸುತ್ತಮುತ್ತ ಬೆಳೆದ ಚಿಯಾ ನಮ್ಮ ಬಡಾವಣೆಯ ಅಂಗಡಿಯಲ್ಲಿಯೇ ಸಿಗುತ್ತದೆ. 100 ಗ್ರಾಂ ಚಿಯಾದಲ್ಲಿ ಸುಮಾರು 34 ಗ್ರಾಂ ನಾರಿರುತ್ತದೆ, ಅಂದರೆ ಒಂದು ದೊಡ್ಡ ಚಮಚದಲ್ಲಿ ಹೆಚ್ಚುಕಡಿಮೆ 4 ಗ್ರಾಂ. ಈ ನಾರಿನ ಹೆಚ್ಚಿನ ಭಾಗ ನೀರಿನಲ್ಲಿ ಕರಗದಂಥದ್ದು. ನೆನೆಸಿದಾಗ ಬೀಜದ ಸುತ್ತ ಕಾಣುವ ಲೋಳೆ ಮಾತ್ರ ಕರಗುವ ನಾರು. ಆ ಲೋಳೆಯೇ ಬೀಜದ ತೂಕದ ಹತ್ತು ಪಟ್ಟಿನಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ.

ಮೊದಲ ದಿನವೇ ನಾನು ಎರಡು ದೊಡ್ಡ ಚಮಚ ಚಿಯಾ ಹಾಕಿಕೊಂಡೆ. ಅದು ತಪ್ಪಾಯಿತು. ಮೂರು ದಿನ ಹೊಟ್ಟೆ ಬಿಗಿದುಕೊಂಡು, ವಾಯು ತುಂಬಿ, ಮೊದಲಿಗಿಂತಲೂ ಕಷ್ಟವಾಯಿತು. ನಾರಿಗೆ ಒಗ್ಗದ ಕರುಳಿಗೆ ಒಮ್ಮೆಲೇ ಅಷ್ಟನ್ನು ಸುರಿಯಬಾರದು ಎಂಬುದು ಅರ್ಥವಾದ ಮೇಲೆ ಒಂದು ಟೀ ಚಮಚಕ್ಕೆ ಇಳಿಸಿ, ಎಂಟು ದಿನಗಳಲ್ಲಿ ನಿಧಾನವಾಗಿ ಒಂದು ದೊಡ್ಡ ಚಮಚಕ್ಕೆ ಏರಿಸಿದೆ, ಜೊತೆಗೆ ನೀರನ್ನು ಎರಡು ಲೋಟ ಹೆಚ್ಚಿಸಿದೆ. ಎರಡನೆಯ ವಾರದ ಕೊನೆಯಿಂದ ಬೆಳಗಿನ ಹೊತ್ತು ಸಲೀಸಾಯಿತು. ಉಳಿದ ಮೂರು ಬೀಜಗಳನ್ನೂ ಇದೇ ಕ್ರಮದಲ್ಲಿ ಸಣ್ಣ ಅಳತೆಯಿಂದ ಆರಂಭಿಸಿದೆನಾದ್ದರಿಂದ, ಮೊದಲ ಮೂರು ದಿನಗಳ ತೊಂದರೆಯನ್ನು ಚಿಯಾದ ದೋಷವೆಂದು ಎಣಿಸುವುದು ನ್ಯಾಯವಲ್ಲ.

ಚಿಯಾದ ನಿಜವಾದ ಪರೀಕ್ಷೆ ಅಡುಗೆಯಲ್ಲಿ ನಡೆಯಿತು. ರಾತ್ರಿ ನೆನೆಸಿಟ್ಟ ಚಿಯಾವನ್ನು ಬೆಳಿಗ್ಗೆ ರಾಗಿ ಅಂಬಲಿಗೆ ಕಲಸಿದರೆ ಅದು ಇದೆಯೆಂಬುದೇ ತಿಳಿಯುವುದಿಲ್ಲ. ಅಂಬಲಿ ಒಂದಿಷ್ಟು ಮಂದವಾಗುತ್ತದೆ, ಅಷ್ಟೆ. ಮೊಸರನ್ನವೂ ಹಾಗೆಯೇ. ಬುತ್ತಿಗೆ ಕಟ್ಟುವ ಮೊಸರನ್ನ ಮಧ್ಯಾಹ್ನದ ಹೊತ್ತಿಗೆ ಹೇಗೂ ಗಟ್ಟಿಯಾಗುತ್ತದೆಂದು ಹಾಲು ಸೇರಿಸಿ ತೆಳ್ಳಗೆ ಕಲಸುವ ರೂಢಿ ನಮ್ಮಲ್ಲಿರುವುದರಿಂದ, ಚಿಯಾ ಹಾಕಿದ ದಿನ ಆ ಹಾಲಿನ ಅಳತೆಯನ್ನು ಅರ್ಧ ಲೋಟ ಹೆಚ್ಚಿಸಿದರೆ ಸಾಕಾಗುತ್ತಿತ್ತು. ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಅಕ್ಕಿ ರೊಟ್ಟಿ. ಎರಡು ಲೋಟ ಅಕ್ಕಿ ಹಿಟ್ಟಿಗೆ ಒಂದು ದೊಡ್ಡ ಚಮಚ ನೆನೆದ ಚಿಯಾ ಸೇರಿಸಿ ಕಲಸಿದಾಗ ಅದರ ಲೋಳೆಯಿಂದ ಹಿಟ್ಟಿಗೆ ಒಳ್ಳೆಯ ಜಿಗುಟು ಬಂದು, ತಟ್ಟುವಾಗ ಅಂಚು ಒಡೆಯಲಿಲ್ಲ. ಸಬ್ಬಸಿಗೆ ಸೊಪ್ಪು ಮತ್ತು ಈರುಳ್ಳಿಯ ನಡುವೆ ಬೀಜ ಬಾಯಿಗೆ ಸಿಗಲೂ ಇಲ್ಲ. ಇಡ್ಲಿ ಹಿಟ್ಟಿಗೆ ಹಾಕಿದ್ದು ಮಾತ್ರ ಕೈಕೊಟ್ಟಿತು: ಇಡ್ಲಿಯ ಹಗುರತನ ಹೋಗಿ ಒಳಗೆ ಅಂಟಂಟಾಯಿತು. ಬಿಸಿ ಸಾರಿಗೆ ಹಾಕಿದ ದಿನ ಮನೆಯವರು ಯಾರೂ ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ. ತಿಳಿಯಾಗಿ ಹರಿಯಬೇಕಾದ ಸಾರಿನಲ್ಲಿ ಲೋಳೆಗೆ ಜಾಗವಿಲ್ಲ ಎಂಬುದೇ ನನ್ನ ಅಭಿಪ್ರಾಯ.

ಒಂದು ಎಚ್ಚರವನ್ನು ಇಲ್ಲಿಯೇ ಹೇಳಬೇಕು. ಒಣ ಚಿಯಾವನ್ನು ಬಾಯಿಗೆ ಹಾಕಿಕೊಂಡು ಮೇಲೆ ನೀರು ಕುಡಿಯಬಾರದು. ಅಮೆರಿಕದಲ್ಲಿ ಹಾಗೆ ಮಾಡಿದವರೊಬ್ಬರ ಅನ್ನನಾಳದಲ್ಲಿ ಬೀಜ ಉಬ್ಬಿ ಕಟ್ಟಿಕೊಂಡು, ವೈದ್ಯರು ಅದನ್ನು ಎಂಡೋಸ್ಕೋಪ್ ಎಂಬ, ಗಂಟಲಿನೊಳಗೆ ಇಳಿಸುವ ಕೊಳವೆಯಿಂದ ತೆರವುಗೊಳಿಸಬೇಕಾದ ಪ್ರಕರಣವನ್ನು 2014ರಲ್ಲಿ ಅಲ್ಲಿನ ಜಠರ ತಜ್ಞರ ಸಮ್ಮೇಳನದಲ್ಲಿ ಮಂಡಿಸಲಾಗಿತ್ತು. ನುಂಗಲು ತೊಂದರೆಯಿರುವ ಹಿರಿಯರು ಮನೆಯಲ್ಲಿದ್ದರೆ ಬೀಜವನ್ನು ಕನಿಷ್ಠ ಅರ್ಧ ಗಂಟೆ ನೆನೆಸದೆ ಕೊಡಲೇಬಾರದು.

ಕಾಮಕಸ್ತೂರಿಯ ವಿಷಯ ಬೇಗ ಮುಗಿಯುತ್ತದೆ. ಸಬ್ಜಾ ಎಂದು ಅಂಗಡಿಯಲ್ಲಿ ಮಾರುವ ಈ ಬೀಜವನ್ನು ಚಿಯಾ ಎಂದೇ ತಿಳಿದು ಕೊಳ್ಳುವವರು ಬಹಳ. ಗುರುತಿಸುವುದು ಕಷ್ಟವಲ್ಲ: ಕಾಮಕಸ್ತೂರಿ ಒಂದೇ ಸಮನೆ ಕಪ್ಪಾಗಿ ಹೊಳಪಿಲ್ಲದೆ ಇರುತ್ತದೆ, ಚಿಯಾದ ಮೈಮೇಲೆ ಬೂದು, ಕಂದು, ಬಿಳಿಯ ಚಿತ್ತಾರವಿದ್ದು ನುಣುಪಾಗಿರುತ್ತದೆ. ನೀರಿಗೆ ಹಾಕಿದರೆ ಕಾಮಕಸ್ತೂರಿ ಕೆಲವೇ ನಿಮಿಷಗಳಲ್ಲಿ ಉಬ್ಬಿ ದಪ್ಪ ಬಿಳಿಯ ಪೊರೆ ಕಟ್ಟುತ್ತದೆ, ಚಿಯಾಕ್ಕೆ ಹೆಚ್ಚು ಸಮಯ ಬೇಕು. ನಿಂಬೆಹಣ್ಣಿನ ಪಾನಕದಲ್ಲಿ ಇದರಷ್ಟು ಹಿತವಾದುದು ಇನ್ನೊಂದಿಲ್ಲ; ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ನಾನು ಅದನ್ನು ಬಿಡುವುದೂ ಇಲ್ಲ. ಆದರೆ ಊಟದ ಯಾವ ಪದಾರ್ಥಕ್ಕೂ ಅದು ಒಗ್ಗಲಿಲ್ಲ. ಪಾನಕದಲ್ಲಿ ಒಂದು ಟೀ ಚಮಚಕ್ಕಿಂತ ಹೆಚ್ಚು ಹಾಕಲಾಗದೆ, ದಿನದ ನಾರಿನ ಲೆಕ್ಕಕ್ಕೆ ಅದರಿಂದ ದೊಡ್ಡ ಸಹಾಯವೂ ಆಗಲಿಲ್ಲ.

ಅಗಸೆಯನ್ನು ಆರಂಭಿಸಿದ ದಿನ ಗದಗಿನ ಕಡೆಯವರಾದ ನಮ್ಮ ಅತ್ತೆಯವರು, "ಇಷ್ಟ ದಿನಾ ಯಾಕ ಹುಡುಕಿದಿ, ಅಗಸಿ ಹಿಂಡಿ ಮನ್ಯಾಗ ಇತ್ತಲ್ಲ" ಎಂದರು. ಅವರ ಮಾತು ಸರಿಯಾಗಿಯೇ ಇತ್ತು. ಹುರಿದ ಅಗಸೆ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಚೂರು ಹುಣಸೆಹಣ್ಣು ಸೇರಿಸಿ ಕುಟ್ಟಿದ ಆ ಹಿಂಡಿಯನ್ನು ಜೋಳದ ರೊಟ್ಟಿಗೆ ಗಟ್ಟಿ ಮೊಸರಿನೊಡನೆ ತಿನ್ನುವಾಗ ಔಷಧಿಯನ್ನು ತಿನ್ನುತ್ತಿದ್ದೇನೆ ಎಂಬ ಭಾವನೆ ಒಂದು ಕ್ಷಣವೂ ಬರುವುದಿಲ್ಲ, ಮತ್ತು ರೊಟ್ಟಿಯ ಜೋಳದ ನಾರು ಬೇರೆ ಸೇರುತ್ತದೆ. 100 ಗ್ರಾಂ ಅಗಸೆಯಲ್ಲಿ ಸುಮಾರು 27 ಗ್ರಾಂ ನಾರಿದೆ; ಚಿಯಾಕ್ಕಿಂತ ಕಡಿಮೆಯಾದರೂ ಒಮೆಗಾ-3 ಕೊಬ್ಬಿನ ಅಂಶ ಚಿಯಾಕ್ಕಿಂತ ಹೆಚ್ಚು, ಬೆಲೆಯೂ ನಮ್ಮ ಅಂಗಡಿಯಲ್ಲಿ ಚಿಯಾಕ್ಕಿಂತ ಕಡಿಮೆ. ಇದರ ತೊಡಕುಗಳು ಎರಡು. ಗಟ್ಟಿ ಸಿಪ್ಪೆಯ ಕಾರಣದಿಂದ ಇಡೀ ಅಗಸೆ ಜೀರ್ಣವಾಗದೆ ಹಾಗೆಯೇ ಹೊರಹೋಗುವುದರಿಂದ ಪುಡಿ ಮಾಡಲೇಬೇಕು. ಪುಡಿ ಮಾಡಿದೊಡನೆ ಅದರ ಎಣ್ಣೆಗೆ ಗಾಳಿ ತಗುಲಿ ಬೇಗ ಕನರು ವಾಸನೆ ಬರುವುದರಿಂದ ಸ್ವಲ್ಪಸ್ವಲ್ಪವೇ ಮಾಡಿ ಫ್ರಿಜ್ಜಿನಲ್ಲಿಡಬೇಕು. ಚಿಯಾವನ್ನು ಪುಡಿ ಮಾಡುವ ಅಗತ್ಯವಿಲ್ಲ, ಡಬ್ಬದಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಕೆಲಸಕ್ಕೆ ಹೋಗುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ನನ್ನ ಪುಸ್ತಕದ ಪ್ರಕಾರ ಅತಿ ಬೇಗ ಫಲ ಕೊಟ್ಟದ್ದು ಇಸಬ್‌ಗೋಲ್: ಎರಡನೆಯ ದಿನದಿಂದಲೇ ವ್ಯತ್ಯಾಸ ಕಂಡಿತು, ವಾಯುವಿನ ತೊಂದರೆಯೂ ನಾಲ್ಕರಲ್ಲಿ ಅತಿ ಕಡಿಮೆ. ಗುಜರಾತ್ ಮತ್ತು ರಾಜಸ್ಥಾನಗಳಲ್ಲಿ ಹೆಚ್ಚಾಗಿ ಬೆಳೆಯುವ ಈ ಗಿಡದ ಬೀಜದ ಹೊಟ್ಟು ಬಹುಪಾಲು ನಾರೇ ಆಗಿದ್ದು, ದೊಡ್ಡ ಕರುಳಿನಲ್ಲಿ ಅಷ್ಟಾಗಿ ಹುಳಿಯದೆ ಕೊನೆಯವರೆಗೂ ನೀರನ್ನು ಹಿಡಿದಿಟ್ಟುಕೊಂಡು ಮಲವನ್ನು ಮೆದುವಾಗಿಡುತ್ತದೆ. ಆದರೂ ನಾನು ಇದನ್ನು ಊಟದ ಪದಾರ್ಥವೆಂದು ಒಪ್ಪಲಾರೆ. ಲೋಟದ ನೀರಿಗೆ ಕಲಸಿ ಗಟ್ಟಿಯಾಗುವ ಮೊದಲೇ ಕುಡಿದು ಮುಗಿಸಬೇಕು. ಚಿಯಾ ಅಥವಾ ಅಗಸೆ ಕೊಡುವ ಪ್ರೋಟೀನ್, ಸುಣ್ಣದಂಶ, ಒಳ್ಳೆಯ ಕೊಬ್ಬು ಇದರಲ್ಲಿಲ್ಲ. ಪ್ರಯಾಣದ ದಿನಗಳಲ್ಲಿ, ಅಥವಾ ನಿಜವಾಗಿಯೂ ಕಟ್ಟಿಕೊಂಡಾಗ ನಾಲ್ಕೈದು ದಿನಕ್ಕೆ ಇದನ್ನು ಇಟ್ಟುಕೊಂಡಿದ್ದೇನೆ.

ಹೀಗಾಗಿ ಈಗ ಬೆಳಗಿನ ಅಂಬಲಿಗೆ ಒಂದು ದೊಡ್ಡ ಚಮಚ ಚಿಯಾ, ಮಧ್ಯಾಹ್ನದ ಊಟಕ್ಕೆ ಒಂದು ಚಮಚ ಅಗಸೆ ಹಿಂಡಿ ಎಂಬುದು ನಮ್ಮ ಮನೆಯ ಕ್ರಮ. ಒಂದನ್ನೇ ಆರಿಸಿಕೊಳ್ಳಬೇಕೆಂದರೆ, ಮನೆಯಲ್ಲಿ ರೊಟ್ಟಿಯ ರೂಢಿ ಇರುವವರಿಗೆ ಅಗಸೆಯನ್ನೂ, ಅಂಬಲಿ, ಮಜ್ಜಿಗೆ, ಮೊಸರನ್ನದ ರೂಢಿ ಇರುವವರಿಗೆ ಚಿಯಾವನ್ನೂ ಹೇಳುತ್ತೇನೆ. ಅತ್ತೆಯವರು ಥೈರಾಯ್ಡ್ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳುತ್ತಾರೆ. ನಾರು ಮಾತ್ರೆಯನ್ನು ದೇಹ ಹೀರಿಕೊಳ್ಳದಂತೆ ತಡೆಯಬಹುದಾದ್ದರಿಂದ ಅವರ ಅಂಬಲಿಗೆ ಮಾತ್ರ ಚಿಯಾ ಹಾಕದೆ, ವೈದ್ಯರನ್ನು ಕೇಳಿ, ಅದನ್ನು ಮಧ್ಯಾಹ್ನದ ಮಜ್ಜಿಗೆಗೆ ಬದಲಿಸಿದ್ದೇವೆ.