ಸಾಸಿವೆ ಮ್ಯೂಸಿಯಂ, ತಾಮ್ರದ ಮೊಟ್ಟೆ, ಮಂಜುಗಡ್ಡೆಯಲ್ಲಿ ಮುಳುಗಿದ ಪ್ರತಿಮೆ: ಮ್ಯಾಡಿಸನ್‌ನಲ್ಲಿ ಎಂಟು ವರ್ಷ ಸುತ್ತಿದ ಅನುಭವ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಾಜಧಾನಿ ಮ್ಯಾಡಿಸನ್‌ಗೆ ನಾನು ಬಂದು ಎಂಟು ವರ್ಷವಾಯಿತು. ಹೊಸದರಲ್ಲಿ ಊರಿನಿಂದ ಯಾರೇ ಬಂದರೂ ಅವರ ಪ್ರಯಾಣದ ಆಯಾಸ ಕಳೆಯುವ ಮೊದಲೇ ಎರಡೂವರೆ ಗಂಟೆ ಕಾರು ಓಡಿಸಿ ಷಿಕಾಗೋಗೆ ಕರೆದುಕೊಂಡು ಹೋಗುತ್ತಿದ್ದೆ. ಎತ್ತರದ ಕಟ್ಟಡಗಳನ್ನು ನೋಡಿ, ಫೋಟೊ ತೆಗೆದು, ರಾತ್ರಿ ಸುಸ್ತಾಗಿ ಮರಳುತ್ತಿದ್ದೆವು. ಈಗ ಷಿಕಾಗೋ ಕೊನೆಯ ವಾರಕ್ಕೆ, ಅದೂ ಬಂದವರು ಕೇಳಿದರೆ ಮಾತ್ರ. ಮ್ಯಾಡಿಸನ್ನಿನ ಸುತ್ತ ಇರುವ, ಬೇರೆಲ್ಲೂ ಕಾಣಸಿಗದ ಜಾಗಗಳೇ ನಮ್ಮ ಮನೆಯ ಅತಿಥಿಗಳಿಗೆ ಹೆಚ್ಚು ಹಿಡಿಸುತ್ತವೆ. ಒಂದೊಂದನ್ನೂ ಹಲವು ಸಲ, ಹಲವು ಋತುಗಳಲ್ಲಿ, ಹಲವರ ಜೊತೆ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಬೇಸಿಗೆಗೆ ತಂದೆ ತಾಯಿಯನ್ನು ಇಲ್ಲಿಗೆ ಕರೆಸಿಕೊಳ್ಳುವ ಕನ್ನಡದ ಕುಟುಂಬಗಳಿಗೆ ಇದು ಉಪಯೋಗಕ್ಕೆ ಬರಲಿ ಎಂಬುದು ನನ್ನ ಆಸೆ.

ಮೊದಲ ಸ್ಥಾನ, ಯಾವ ಅನುಮಾನವೂ ಇಲ್ಲದೆ, ರಾಷ್ಟ್ರೀಯ ಸಾಸಿವೆ ಮ್ಯೂಸಿಯಂಗೆ. ಮ್ಯಾಡಿಸನ್‌ಗೆ ಅಂಟಿಕೊಂಡೇ ಇರುವ ಮಿಡ್ಲ್‌ಟನ್‌ನಲ್ಲಿದೆ, ಪ್ರವೇಶ ಉಚಿತ. ಇದನ್ನು ಕಟ್ಟಿದವರು ಬ್ಯಾರಿ ಲೆವೆನ್ಸನ್, ವಿಸ್ಕಾನ್ಸಿನ್ ರಾಜ್ಯದ ಸಹಾಯಕ ಅಟಾರ್ನಿ ಜನರಲ್ ಆಗಿದ್ದವರು. 1986ರ ಅಕ್ಟೋಬರ್‌ನಲ್ಲಿ ಅವರ ಪ್ರೀತಿಯ ಬೇಸ್‌ಬಾಲ್ ತಂಡ ಬಾಸ್ಟನ್ ರೆಡ್ ಸಾಕ್ಸ್ ಫೈನಲ್‌ನಲ್ಲಿ ಸೋತಿತು. ದುಃಖದಲ್ಲಿ ನಿದ್ದೆ ಬಾರದೆ ರಾತ್ರಿಯಿಡೀ ತೆರೆದಿರುವ ಒಂದು ದಿನಸಿ ಅಂಗಡಿಗೆ ಹೋದವರು ಸಾಸಿವೆ ಸೀಸೆಗಳ ಮುಂದೆ ನಿಂತರು, ಅವುಗಳನ್ನು ಸಂಗ್ರಹಿಸಲು ಅಲ್ಲೇ ನಿರ್ಧರಿಸಿದರು. ಮರುವರ್ಷ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ರಾಜ್ಯದ ಪರವಾಗಿ ವಾದ ಮಂಡಿಸುವಾಗಲೂ ಅವರ ಜೇಬಿನಲ್ಲಿ ಒಂದು ಪುಟ್ಟ ಸಾಸಿವೆ ಸೀಸೆ ಇತ್ತು. ಆ ಮೊಕದ್ದಮೆಯನ್ನು ಅವರು ಗೆದ್ದರು. ಮುಂದೆ ವಕೀಲಿ ವೃತ್ತಿ ಬಿಟ್ಟು 1992ರಲ್ಲಿ ಮೌಂಟ್ ಹೋರೆಬ್ ಎಂಬ ಸಣ್ಣ ಊರಿನಲ್ಲಿ ಮ್ಯೂಸಿಯಂ ತೆರೆದರು. 2009ರಲ್ಲಿ ಅದು ಮಿಡ್ಲ್‌ಟನ್‌ಗೆ ಬಂತು. ಎಪ್ಪತ್ತಕ್ಕೂ ಹೆಚ್ಚು ದೇಶಗಳಿಂದ ಬಂದ ಆರು ಸಾವಿರಕ್ಕೂ ಹೆಚ್ಚು ಬಗೆಯ ಸಾಸಿವೆ ಅಲ್ಲಿದೆ. ಹಳೆಯ ಕಾಲದ ಪಿಂಗಾಣಿ ಭರಣಿಗಳು, ಜಾಹೀರಾತುಗಳು ಬೇರೆ.

ಸಾಸಿವೆ ಎಂದರೆ ನಮಗೆ ಒಗ್ಗರಣೆ ಡಬ್ಬಿಯ ಒಂದು ಬಟ್ಟಲು. ಇಲ್ಲಿನವರಿಗೆ ಅದು ವಿನೆಗರ್‌ನಲ್ಲಿ ಅರೆದ ಗೊಜ್ಜು. ಈ ವ್ಯತ್ಯಾಸವನ್ನು ನಾನು ಸರಿಯಾಗಿ ತಿಳಿದುಕೊಂಡದ್ದು ಅಮ್ಮನ ಜೊತೆ ಅಲ್ಲಿಗೆ ಹೋದಾಗ. ರುಚಿ ನೋಡಲು ಒಂದು ಕಟ್ಟೆ ಇದೆ. ಕೇಳಿದ ಸೀಸೆಯಿಂದ ಪುಟ್ಟ ಚಮಚದಲ್ಲಿ ಕೊಡುತ್ತಾರೆ. ಅಮ್ಮ ಮೊದಲನೆಯದನ್ನು ನಾಲಿಗೆಗೆ ಇಟ್ಟುಕೊಂಡು ಕಣ್ಣು ಮುಚ್ಚಿದರು. ಘಾಟು ಮೂಗಿಗೇರಿ ಇಳಿದ ಮೇಲೆ, "ಇದು ನಮ್ಮ ಸೌತೆಕಾಯಿ ಸಾಸಿವೆಯ ಘಾಟೇ ಅಲ್ಲವೇ? ಕಾಯಿ ಹಾಕಿಲ್ಲ, ಮೊಸರು ಹಾಕಿಲ್ಲ, ಅಷ್ಟೇ" ಎಂದರು. ಅವರ ಮಾತು ನೂರಕ್ಕೆ ನೂರು ಸರಿ. ಕಾಳು ಇಡಿಯಾಗಿರುವಾಗ ಸಾಸಿವೆಗೆ ಘಾಟಿಲ್ಲ. ಅರೆದು ನೀರು ತಾಗಿದಾಗ ಕಾಳಿನೊಳಗೆ ಬೇರೆ ಬೇರೆಯಾಗಿದ್ದ ಎರಡು ವಸ್ತುಗಳು, ಸಿನಿಗ್ರಿನ್ ಮತ್ತು ಮೈರೋಸಿನೇಸ್ ಎಂಬ ಕಿಣ್ವ, ಒಂದಕ್ಕೊಂದು ಸೇರಿ ಆ ಖಾರದ ಎಣ್ಣೆ ಹುಟ್ಟುತ್ತದೆ. ಕಾದ ಎಣ್ಣೆಗೆ ಹಾಕಿದರೆ ಕಿಣ್ವ ಸತ್ತುಹೋಗುತ್ತದೆ. ಹಾಗಾಗಿ ಚಟಪಟ ಎಂದ ಸಾಸಿವೆಯಲ್ಲಿ ಘಾಟಿನ ಬದಲು ಹುರಿದ ಕಾಳಿನ ಪರಿಮಳ. ವಿನೆಗರ್‌ನ ಹುಳಿ ಈ ಕ್ರಿಯೆಯನ್ನು ನಿಧಾನಗೊಳಿಸಿ ಖಾರವನ್ನು ಬಹಳ ದಿನ ಹಿಡಿದಿಡುತ್ತದೆ. ಅಮ್ಮ ನಲವತ್ತು ವರ್ಷದಿಂದ ಹಸಿ ಸಾಸಿವೆ ಅರೆದ ತಕ್ಷಣ ಮೊಸರಿಗೆ ಕಲಸಿ ಬಡಿಸುವುದು ಇದೇ ಕಾರಣಕ್ಕೆ. ಅದನ್ನು ಅವರಿಗೆ ಯಾವ ಫಲಕವೂ ಹೇಳಿಕೊಡಬೇಕಿರಲಿಲ್ಲ.

ನನ್ನ ಮಗಳು ಸೀಸೆಗಳ ಗೋಡೆಯ ಮುಂದೆ ನಿಂತು, "ಅಜ್ಜಿ, ಇಷ್ಟೊಂದು ಸಾಸಿವೆ ಯಾಕೆ?" ಎಂದು ಕೇಳಿದಾಗ ಅಮ್ಮ ಅವಳಿಗೆ ಕಿಸಾಗೋತಮಿಯ ಕಥೆ ಹೇಳಿದರು. ಸಾವಿಲ್ಲದ ಮನೆಯಿಂದ ಒಂದು ಹಿಡಿ ಸಾಸಿವೆ ತಾ ಎಂದು ಬುದ್ಧ ಹೇಳಿದ್ದು, ಅವಳು ಮನೆಮನೆ ಅಲೆದದ್ದು. ಆಮೇಲೆ ಅಪ್ಪ ಹಂಪಿಯ ಸಾಸಿವೆಕಾಳು ಗಣೇಶನನ್ನು ನೆನಪಿಸಿಕೊಂಡರು. ಒಂದು ಗಂಟೆಯಲ್ಲಿ ಮುಗಿಯಬೇಕಾದ ಭೇಟಿ ಮಧ್ಯಾಹ್ನವೆಲ್ಲ ನಡೆಯಿತು. ಆಗಸ್ಟ್ ತಿಂಗಳ ಮೊದಲ ಶನಿವಾರ ಅಲ್ಲಿ ಸಾಸಿವೆ ದಿನಾಚರಣೆ ನಡೆಯುತ್ತದೆ. ಗದ್ದಲ ಬೇಡದವರು ವಾರದ ನಡುವೆ ಹೋಗಿ. ಐದರಲ್ಲಿ ಐದು.

ಎರಡನೆಯದು ಫಾರೆವರ್‌ಟ್ರಾನ್ ಎಂಬ ಗುಜರಿ ಕಬ್ಬಿಣದ ಭಾರೀ ಶಿಲ್ಪ. ಊರಿನಿಂದ ವಾಯವ್ಯಕ್ಕೆ, ಬರಬೂ ಕಡೆಗೆ ಹೋಗುವ 12ನೇ ಹೆದ್ದಾರಿಯ ಪಕ್ಕದಲ್ಲಿ, ಒಂದು ಗುಜರಿ ಅಂಗಡಿಯ ಹಿಂದೆ ನಿಂತಿದೆ. ಗೊತ್ತಿಲ್ಲದವರು ದಾಟಿಕೊಂಡೇ ಹೋಗುತ್ತಾರೆ. ಟಾಮ್ ಎವರಿ ಎಂಬವರು ಹಳೆಯ ಕಾರ್ಖಾನೆಗಳನ್ನು ಕೆಡವಿ ಗುಜರಿ ಮಾರುವ ಉದ್ಯಮದಲ್ಲಿದ್ದರು. 1980ರ ದಶಕದಲ್ಲಿ ಆ ವ್ಯಾಪಾರ ಬಿಟ್ಟು, ತಮಗೆ ಡಾಕ್ಟರ್ ಎವರ್ಮೋರ್ ಎಂದು ಹೆಸರಿಟ್ಟುಕೊಂಡು, ಕೂಡಿಟ್ಟ ಕಬ್ಬಿಣವನ್ನೆಲ್ಲ ಬೆಸೆದು ಒಂದು ಯಂತ್ರ ಕಟ್ಟತೊಡಗಿದರು. ಹತ್ತೊಂಬತ್ತನೇ ಶತಮಾನದ ಒಬ್ಬ ವಿಜ್ಞಾನಿ ತಾಮ್ರದ ಮೊಟ್ಟೆಯೊಳಗಿನ ಗಾಜಿನ ಗೋಳದಲ್ಲಿ ಕುಳಿತು, ಮಿಂಚು ಮತ್ತು ಕಾಂತಶಕ್ತಿಯ ಬಲದಿಂದ ಸ್ವರ್ಗಕ್ಕೆ ಹಾರುವ ಯಂತ್ರ! ಸುಮಾರು 300 ಟನ್ ತೂಕ, ಐವತ್ತು ಅಡಿ ಎತ್ತರ. ಅದರಲ್ಲಿ ಥಾಮಸ್ ಎಡಿಸನ್ ಕಾಲದ ಡೈನಮೊಗಳಿವೆ, ಅಪೊಲೊ ಬಾಹ್ಯಾಕಾಶ ಯಾನಕ್ಕೆ ಸೇರಿದ ಒಂದು ಶುದ್ಧೀಕರಣ ಕೋಣೆಯೂ ಇದೆ. ರಸ್ತೆಯ ಆಚೆ ಬದಿಗೆ ಎರಡನೇ ಮಹಾಯುದ್ಧದಲ್ಲಿ ಸಿಡಿಮದ್ದು ತಯಾರಿಸಿದ ಬ್ಯಾಜರ್ ಕಾರ್ಖಾನೆಯ ವಿಶಾಲ ಜಾಗ. ಕೊಲ್ಲುವುದಕ್ಕೆ ಮದ್ದು ಅರೆದ ಜಾಗದ ಎದುರಿಗೇ ಒಬ್ಬ ಮನುಷ್ಯ ಸ್ವರ್ಗದ ದಾರಿಗೆ ಕಬ್ಬಿಣ ಕಟ್ಟಿದ ಎಂಬುದು ಹೋದಾಗಲೆಲ್ಲ ನನ್ನನ್ನು ಹಿಡಿದು ನಿಲ್ಲಿಸುತ್ತದೆ.

ನನ್ನ ಅಪ್ಪ ಮೈಸೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಇಲ್ಲಿನ ಯಾವ ಮಾಲ್‌ನಲ್ಲೂ ಬಾಯಿ ಬಿಡದ ಅವರು ಅಂದು ಎರಡು ಗಂಟೆ ಮಾತಾಡಿದರು. ಇದು ಬಾಯ್ಲರ್‌ನ ವಾಲ್ವ್, ಇದು ಗೇರ್‌ಬಾಕ್ಸ್‌ನ ಮುಚ್ಚಳ, ಇದು ಪಂಪಿನ ಹೊಟ್ಟೆ ಎಂದು ಒಂದೊಂದನ್ನೇ ಮುಟ್ಟಿ ತೋರಿಸಿದರು. ಬೆಸುಗೆಯ ಮೇಲೆ ಬೆರಳಾಡಿಸಿ, "ಅವಸರದ ಕೈ ಅಲ್ಲ" ಎಂದರು. ಸುತ್ತಲೂ ತುತ್ತೂರಿ, ಪಿಟೀಲು, ಸಂಗೀತದ ಇತರ ವಾದ್ಯಗಳ ಚೂರುಗಳಿಂದ ಮಾಡಿದ ಹಕ್ಕಿಗಳ ದೊಡ್ಡ ವಾದ್ಯವೃಂದವೇ ಇದೆ; ಮಗಳು ಅವುಗಳ ನಡುವೆ ಓಡಾಡುತ್ತಿದ್ದಳು. ಹೊರಡುವಾಗ ಅಪ್ಪ ತಿರುಗಿ ನೋಡಿ ಹೇಳಿದರು: "ಆಯುಧಪೂಜೆಗೆ ಇದಕ್ಕೊಂದು ಬೂದುಗುಂಬಳ ಒಡೆಯಬೇಕು." ಟಾಮ್ ಎವರಿ 2020ರಲ್ಲಿ ತೀರಿಕೊಂಡರು. ಅಪ್ಪ ಬರುವುದು ಕೆಲವು ವರ್ಷ ಮೊದಲಾಗಿದ್ದರೆ ಇಬ್ಬರನ್ನೂ ಎದುರುಬದುರು ಕೂರಿಸಬಹುದಿತ್ತು. ಭಾಷೆ ಬಾರದಿದ್ದರೂ ಅವರಿಬ್ಬರ ಮಾತು ಸಾಗುತ್ತಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಒಂದು ಎಚ್ಚರಿಕೆ. ಸ್ವಂತ ಕಾರು ಇಲ್ಲದೆ ಅಲ್ಲಿಗೆ ಹೋಗಬೇಡಿ. ಒಮ್ಮೆ ನನ್ನ ಗೆಳತಿಯ ಕುಟುಂಬ ಆ್ಯಪ್‌ನಲ್ಲಿ ಟ್ಯಾಕ್ಸಿ ಮಾಡಿಕೊಂಡು ಹೋಯಿತು. ಮರಳಲು ಯಾವ ಟ್ಯಾಕ್ಸಿಯೂ ಬರಲೊಪ್ಪದೆ ಕೊನೆಗೆ ನಾನೇ ಹೋಗಿ ಕರೆತಂದೆ. ಪ್ರತಿದಿನ ತೆರೆದಿರುವುದಿಲ್ಲ, ಹಿಮ ಬಿದ್ದ ಮೇಲೆ ಹೋಗುವ ಜಾಗವೂ ಅಲ್ಲ. ಮಂಡಿ ನೋವಿನವರಿಗೆ ತೊಂದರೆಯಿಲ್ಲ, ನೆಲ ಬಹುಪಾಲು ಸಮತಟ್ಟಾಗಿದೆ. ಸೊಳ್ಳೆಗೆ ಹಚ್ಚುವ ಮುಲಾಮು ಮಾತ್ರ ಮರೆಯಬಾರದು.

ಶನಿವಾರ ಬೆಳಿಗ್ಗೆ ಊರಿನಲ್ಲೇ ಇದ್ದರೆ ಶಾಸನಸಭೆಯ ಕಟ್ಟಡದ ಸುತ್ತ ನಡೆಯುವ ರೈತರ ಸಂತೆಗೆ ಹೋಗಲೇಬೇಕು. 1972ರಿಂದ ನಡೆದು ಬಂದಿದೆ; ಬೆಳೆದವರೇ ಬಂದು ಮಾರಬೇಕು, ದಲ್ಲಾಳಿಗಳಿಗೆ ಜಾಗವಿಲ್ಲ. ವಿಚಿತ್ರವೆಂದರೆ ಜನ ಎಲ್ಲರೂ ಒಂದೇ ದಿಕ್ಕಿಗೆ ನಡೆಯುತ್ತಾರೆ, ಅದೂ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ. ಗೋಪುರದಂಥ ಗುಮ್ಮಟವನ್ನು ಎಡಕ್ಕೆ ಇಟ್ಟುಕೊಂಡು ಸುತ್ತುವುದು ಅಮ್ಮನಿಗೆ ಒಗ್ಗಲೇ ಇಲ್ಲ. "ಇದು ಅಪ್ರದಕ್ಷಿಣೆ" ಎಂದು ಪ್ರತಿ ಶನಿವಾರ ಹೇಳುತ್ತಿದ್ದರು. ಒಂದು ದಿನ ಬಲಗಡೆಯಿಂದ ಹೊರಟೆವು. ಎದುರಿನಿಂದ ಬರುವ ಜನಸಾಗರದಲ್ಲಿ ಹತ್ತು ಹೆಜ್ಜೆ ಇಡುವುದೂ ಕಷ್ಟವಾಗಿ ಮರಳಿದೆವು. ಆಗ್ನೇಯ ಏಷ್ಯಾದಿಂದ ಬಂದು ನೆಲೆಸಿದ ಹಮಾಂಗ್ ಜನಾಂಗದ ರೈತರ ಅಂಗಡಿಗಳಲ್ಲಿ ಹಾಗಲಕಾಯಿ, ಕೊತ್ತಂಬರಿ, ಹಸಿಮೆಣಸಿನಕಾಯಿ ಸಿಗುತ್ತವೆ. ಅಮ್ಮನೂ ಒಬ್ಬ ಹಮಾಂಗ್ ಅಜ್ಜಿಯೂ ಹಾಗಲಕಾಯಿಯನ್ನು ಉಗುರಿನಿಂದ ಒತ್ತಿ ಎಳೆಯದೋ ಬಲಿತದ್ದೋ ಎಂದು ಸನ್ನೆಯಲ್ಲೇ ಚರ್ಚಿಸಿದರು.

ಸಂತೆ ಮುಗಿಸಿ ಅದೇ ಶಾಸನಸಭೆಯ ಒಳಗೆ ಹೋಗಿ. ಯಾರೂ ತಡೆಯುವುದಿಲ್ಲ, ಟಿಕೆಟ್ ಇಲ್ಲ. 1906ರಿಂದ 1917ರವರೆಗೆ ಕಟ್ಟಿದ ಈ ಕಟ್ಟಡ ಮೆಂಡೋಟಾ ಮತ್ತು ಮೊನೋನಾ ಸರೋವರಗಳ ನಡುವಿನ ಕಿರಿದಾದ ನೆಲದ ಮೇಲಿದೆ. ಗುಮ್ಮಟದ ತುದಿಯ ಚಿನ್ನದ ಬಣ್ಣದ ಸ್ತ್ರೀಮೂರ್ತಿಯ ಶಿರಸ್ತ್ರಾಣದ ಮೇಲೆ ಒಂದು ಬ್ಯಾಜರ್ ಕುಳಿತಿದೆ, ಈ ರಾಜ್ಯದ ಪ್ರಾಣಿ. ಆದರೆ ಮಕ್ಕಳಿಗೆ ಹುಡುಕಲು ಕೊಡಬೇಕಾದದ್ದು ಮೆಟ್ಟಿಲು ಮತ್ತು ಗೋಡೆಯ ಕಲ್ಲುಗಳಲ್ಲಿರುವ ಪಳೆಯುಳಿಕೆಗಳನ್ನು. ಒಂದು ನಕ್ಷತ್ರಮೀನು ಕೂಡ ಕಲ್ಲಿನಲ್ಲಿ ಉಳಿದಿದೆ. ಮೊದಲ ಸಲ ನಮಗೆ ಕಾಣಲಿಲ್ಲ. ಮೂರನೇ ಸಲ ಮಗಳು ಕಂಡುಹಿಡಿದಾಗ ಅವಳು ಕಿರುಚಿದ ದನಿ ಗುಮ್ಮಟದವರೆಗೂ ಹೋಯಿತು.

ಮೈಸೂರು, ಕೊಡಗಿನ ಕಡೆಯವರಿಗೆ ನಾನು ಪ್ರತ್ಯೇಕವಾಗಿ ಹೇಳಬೇಕಾದದ್ದು ಡೀರ್ ಪಾರ್ಕ್ ಬೌದ್ಧ ಕೇಂದ್ರದ ಬಗ್ಗೆ. ಊರಿನ ದಕ್ಷಿಣಕ್ಕೆ, ಆರೆಗಾನ್ ಎಂಬ ಹಳ್ಳಿಯ ಬಳಿ, ಮುಸುಕಿನ ಜೋಳದ ಹೊಲಗಳ ನಡುವೆ ಟಿಬೆಟನ್ ದೇವಾಲಯವೊಂದು ಎದ್ದು ನಿಲ್ಲುತ್ತದೆ. ಇದನ್ನು ಸ್ಥಾಪಿಸಿದ ಗೆಶೆ ಲುಂಡುಬ್ ಸೋಪಾ ಅವರು ಟಿಬೆಟ್ಟಿನ ಸೇರಾ ಜೆ ಮಠದವರು, 1967ರಿಂದ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು. ಪಾಶ್ಚಾತ್ಯ ಜಗತ್ತಿನಲ್ಲಿ ದಲೈ ಲಾಮಾ ಅವರು ಮೊದಲ ಕಾಲಚಕ್ರ ದೀಕ್ಷೆ ಕೊಟ್ಟದ್ದು ಇಲ್ಲೇ, 1981ರಲ್ಲಿ. ದೇಶ ಬಿಟ್ಟು ಬಂದ ಅದೇ ಸೇರಾ ಮಠ ಮತ್ತೆ ನೆಲೆಯೂರಿದ್ದು ನಮ್ಮ ಬೈಲಕುಪ್ಪೆಯಲ್ಲಿ. ಶಾಲೆಯ ಪ್ರವಾಸದಲ್ಲಿ ಕಂಡ ಆ ಕೆಂಪು ನಿಲುವಂಗಿ, ಆ ಬಣ್ಣದ ಬಾವುಟಗಳು ಅರ್ಧ ಭೂಮಿಯ ಆಚೆ, ದನದ ಕೊಟ್ಟಿಗೆಗಳ ಪಕ್ಕದಲ್ಲಿ ಹಾರಾಡುವುದನ್ನು ನೋಡಿ ನನ್ನ ಗಂಟಲು ಕಟ್ಟಿತು. ಮನೆಯ ನೆನಪು ವಿಪರೀತವಾದ ದಿನಗಳಲ್ಲಿ ಒಬ್ಬಳೇ ಹೋಗಿ ಕುಳಿತು ಬರುತ್ತೇನೆ.

ಇನ್ನು ಚಳಿಗಾಲ. ಸರೋವರದ ಮೇಲಿನ ಸ್ವಾತಂತ್ರ್ಯ ದೇವತೆಯನ್ನು ನಂಬಿಕೊಂಡು ಟಿಕೆಟ್ ಮಾಡಿಸಬೇಡಿ. 1970ರ ದಶಕದ ಕೊನೆಯಲ್ಲಿ ಇಲ್ಲಿನ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದ ಚುನಾವಣೆಗೆ ನಿಂತ ಒಂದು ತಂಡ, ಗೆದ್ದರೆ ನ್ಯೂಯಾರ್ಕಿನ ಸ್ವಾತಂತ್ರ್ಯ ಪ್ರತಿಮೆಯನ್ನೇ ಮ್ಯಾಡಿಸನ್‌ಗೆ ತರುವುದಾಗಿ ಮಾತು ಕೊಟ್ಟಿತು. ಗೆದ್ದಿತು. 1979ರಲ್ಲಿ ಹೆಪ್ಪುಗಟ್ಟಿದ ಮೆಂಡೋಟಾ ಸರೋವರದ ಮೇಲೆ ಪ್ರತಿಮೆಯ ತಲೆಯ ಮೇಲ್ಭಾಗ ಮತ್ತು ಪಂಜು ಹಿಡಿದ ಕೈ ಮಾತ್ರ ಕಾಣಿಸಿದವು, ಉಳಿದ ದೇಹ ಮಂಜುಗಡ್ಡೆಯ ಕೆಳಗೆ ಮುಳುಗಿದೆ ಎಂಬಂತೆ. ಅದೇ ವರ್ಷ ಅವರು 1,008 ಗುಲಾಬಿ ಬಣ್ಣದ ಪ್ಲಾಸ್ಟಿಕ್ ಫ್ಲೆಮಿಂಗೊಗಳನ್ನು ವಿಶ್ವವಿದ್ಯಾಲಯದ ಆವರಣದ ಬ್ಯಾಸ್ಕಮ್ ಗುಡ್ಡದ ಹುಲ್ಲಿನಲ್ಲಿ ನೆಟ್ಟರು. 2009ರಲ್ಲಿ ನಗರಸಭೆ ಪ್ಲಾಸ್ಟಿಕ್ ಫ್ಲೆಮಿಂಗೊವನ್ನೇ ಊರಿನ ಅಧಿಕೃತ ಪಕ್ಷಿ ಎಂದು ಘೋಷಿಸಿತು. ಈಗ ಪ್ರತಿಮೆಯ ಗಾಳಿ ತುಂಬಿಸುವ ರೂಪವನ್ನು ಫೆಬ್ರವರಿಯ ಚಳಿಗಾಲದ ಹಬ್ಬಕ್ಕೆ ನಿಲ್ಲಿಸುತ್ತಾರೆ, ಆದರೆ ಮಂಜುಗಡ್ಡೆ ಸಾಕಷ್ಟು ದಪ್ಪವಾದರೆ ಮಾತ್ರ. ಚಳಿ ಕಡಿಮೆಯಾದ ವರ್ಷಗಳಲ್ಲಿ ಅದು ಕೈಕೊಡುತ್ತದೆ. ನೋಡಲು ಸಿಕ್ಕರೆ, ಗಟ್ಟಿಯಾದ ನೀರಿನ ಮೇಲೆ ನಡೆದುಕೊಂಡು ಹೋಗಿ ಆ ದೊಡ್ಡ ಕಣ್ಣುಗಳ ಎದುರು ನಿಲ್ಲುವುದನ್ನು ಮರೆಯಲಾಗುವುದಿಲ್ಲ.

ಖಚಿತವಾಗಿ ಸಿಗುವುದು ಓಲ್‌ಬ್ರಿಚ್ ಉದ್ಯಾನ. ಥಾಯ್ಲೆಂಡ್ ಸರ್ಕಾರ ಮತ್ತು ಇಲ್ಲಿ ಓದಿ ಹೋದ ಥಾಯ್ ವಿದ್ಯಾರ್ಥಿಗಳು ಕಾಣಿಕೆಯಾಗಿ ಕೊಟ್ಟ ಮಂಟಪವೊಂದು ಅಲ್ಲಿದೆ. ಥಾಯ್ಲೆಂಡಿನಲ್ಲಿ ಕಟ್ಟಿ, ಬಿಚ್ಚಿ, ಹಡಗಿನಲ್ಲಿ ತಂದು, ಅಲ್ಲಿನ ಕುಶಲಕರ್ಮಿಗಳೇ ಬಂದು ಜೋಡಿಸಿದರು. ಕೆಂಪು ಮತ್ತು ಬಂಗಾರದ ಆ ಮಂಟಪದ ಮೇಲೆ ಹಿಮ ಕುಳಿತಾಗ ನೋಡಬೇಕು. ಪಕ್ಕದಲ್ಲೇ ಗಾಜಿನ ಪಿರಮಿಡ್ಡಿನೊಳಗೆ ಉಷ್ಣವಲಯದ ಗಿಡಗಳ ಮನೆ. ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿದ್ದಾಗ ಬಾಗಿಲು ತೆರೆದು ಒಳಗೆ ಕಾಲಿಟ್ಟರೆ ಕನ್ನಡಕ ಮಬ್ಬಾಗುತ್ತದೆ, ಮೂಗಿಗೆ ಒದ್ದೆ ಮಣ್ಣಿನ ವಾಸನೆ ಬಡಿಯುತ್ತದೆ. ಜನವರಿಯಲ್ಲಿ ನಾನು ತಿಂಗಳಿಗೆ ಎರಡು ಸಲವಾದರೂ ಹೋಗುತ್ತೇನೆ.

ಹೆಸರಾಂತ ವಾಸ್ತುಶಿಲ್ಪಿ ಫ್ರ್ಯಾಂಕ್ ಲಾಯ್ಡ್ ರೈಟ್ 1938ರಲ್ಲಿ ಕಲ್ಪಿಸಿ, ಅವರು ತೀರಿಕೊಂಡು ದಶಕಗಳಾದ ಮೇಲೆ 1997ರಲ್ಲಿ ತೆರೆದ, ಸರೋವರದ ದಂಡೆಯ ಸಭಾಭವನ ಮೊನೋನಾ ಟೆರೇಸ್‌ಗೆ ಒಂದು ಸಂಜೆ ಸಾಕು. ವಿಶ್ವವಿದ್ಯಾಲಯದ ಭೂವಿಜ್ಞಾನ ಮ್ಯೂಸಿಯಂನ ಮ್ಯಾಸ್ಟಡಾನ್ ಎಂಬ, ಆನೆಯನ್ನು ಹೋಲುವ ಅಳಿದುಹೋದ ಪ್ರಾಣಿಯ ಅಸ್ಥಿಪಂಜರ ಮಕ್ಕಳಿಗೆ ಇಷ್ಟ. ಈ ನೆಲದ ಮೂಲನಿವಾಸಿಗಳಾದ ಹೋ-ಚಂಕ್ ಜನರ ಪೂರ್ವಜರು ಸಾವಿರ ವರ್ಷಕ್ಕೂ ಹಿಂದೆ ಹಕ್ಕಿ ಮತ್ತು ಪ್ರಾಣಿಗಳ ಆಕಾರದಲ್ಲಿ ಕಟ್ಟಿದ ಮಣ್ಣಿನ ದಿಬ್ಬಗಳು ಸರೋವರಗಳ ದಂಡೆಯಲ್ಲಿವೆ. ಅವು ಪವಿತ್ರ ಸ್ಥಳಗಳು, ಅನೇಕ ದಿಬ್ಬಗಳು ಸಮಾಧಿಗಳೂ ಹೌದು. ಮೇಲೆ ಹತ್ತದೆ ಪಕ್ಕದಲ್ಲಿ ನಿಂತು ನೋಡಿ, ಮಕ್ಕಳಿಗೂ ಮೊದಲೇ ಹೇಳಿರಿ.

ಅಮ್ಮ ಮೈಸೂರಿಗೆ ಮರಳುವಾಗ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಎರಡು ಸೀಸೆ ಸಾಸಿವೆ ಸುತ್ತಿ ಒಯ್ದರು. ಒಂದನ್ನು ಕಾಯಿತುರಿ ಮತ್ತು ಮೊಸರಿಗೆ ಕಲಸಿ ನೆರೆಮನೆಯವರಿಗೆಲ್ಲ ಬಡಿಸಿದರಂತೆ. ವಿನೆಗರ್‌ನ ಹುಳಿ ಮೊಸರಿಗೆ ಹೊಂದಲಿಲ್ಲ, ಚಪಾತಿಗೆ ಮಾತ್ರ ಚೆನ್ನಾಗಿತ್ತು ಎಂದು ಫೋನಿನಲ್ಲಿ ಹೇಳಿದರು. ಮುಂದಿನ ಸಲ ನಾನು ಊರಿಗೆ ಹೋಗುವಾಗ ನುಣ್ಣಗೆ ಅರೆದದ್ದು ಬೇಡ, ಇಡೀ ಕಾಳು ಕಾಣುವಂಥದ್ದನ್ನೇ ತರಬೇಕಂತೆ.