ಡ್ಯೂಕ್ ಮನೆಯ ಟೀಪಾಟ್ ಅಂತ ನಂಬಿ ಮೋಸ ಹೋದೆ

ಲಂಡನ್ನಿನಲ್ಲಿ ಹಳೆ ಬೆಳ್ಳಿ ಕೊಳ್ಳುವ ನಮ್ಮವರು ದಯವಿಟ್ಟು ಇದನ್ನು ಓದಿ. ಮೂರು ವಾರದಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ.

ಶನಿವಾರದ ಸಂತೆಯಲ್ಲಿ ಒಂದು ಟೀಪಾಟ್ ಕಣ್ಣಿಗೆ ಬಿತ್ತು. ಹಾಲ್‌ಮಾರ್ಕ್ ನೋಡಿಯೇ ಕೊಂಡೆ. ಬೆಳ್ಳಿಯ ಶುದ್ಧತೆಗೆ ನಡೆಯುವ ಸಿಂಹ, ಊರಿನ ಗುರುತಿಗೆ ಲಂಡನ್ನಿನ ಚಿರತೆ ತಲೆ, ಸುಂಕ ಕಟ್ಟಿದ ಗುರುತಿಗೆ ರಾಜನ ತಲೆ, ವರ್ಷದ ಗುರುತಿಗೆ 1787ರ ಸಣ್ಣ 'ಎಮ್' ಅಕ್ಷರ. ಎಲ್ಲಾ ಸರಿ ಇತ್ತು. ಬೆಳ್ಳಿ ಸುಳ್ಳಲ್ಲ. ಸುಳ್ಳಿದ್ದದ್ದು ಅದರ ಹೊಟ್ಟೆಯ ಮೇಲೆ ಕೆತ್ತಿದ್ದ ಮನೆತನದ ಲಾಂಛನದಲ್ಲಿ.

ಒಂದು ಕಿರೀಟ, ಅದರೊಳಗಿಂದ ಎದ್ದ ಅರ್ಧ ಸಿಂಹ. "ಕಿರೀಟ ಇದೆ ನೋಡಿ, ಡ್ಯೂಕ್ ಮನೆತನದ್ದು" ಅಂದ ಅಂಗಡಿಯವನು. ನಂಬಿಬಿಟ್ಟೆ. 1,350 ಪೌಂಡ್ ಕೊಟ್ಟೆ. ಚೌಕಾಸಿ ಕೂಡ ಮಾಡಲಿಲ್ಲ! ಮನೆಗೆ ಬಂದವರಿಗೆಲ್ಲ ಡ್ಯೂಕ್ ಕಥೆ ಹೇಳಿದೆ. ಈಗ ಅವರ ಮುಖ ನೋಡಲು ನಾಚಿಕೆ.

ಮರದ ಹಿಡಿ ಅಲುಗಾಡುತ್ತಿತ್ತು ಅಂತ ರಿಪೇರಿಯವರ ಹತ್ತಿರ ಒಯ್ದೆ. ಅವರು ಮಾತಾಡಲೇ ಇಲ್ಲ. ಕೆತ್ತನೆಯ ಮೇಲೆ ಬಾಯಿಂದ ಹಬೆ ಊದಿದರು. ಸಿಂಹದ ಸುತ್ತ ಬೇರೊಂದು ಗುರಾಣಿಯ ಗೆರೆ ಮಸುಕಾಗಿ ಮೂಡಿ ಮಾಯವಾಯಿತು. ಆ ಕ್ಷಣ ಹೊಟ್ಟೆಯಲ್ಲಿ ಕಲಸಿದಂತಾಯಿತು. "ಹೆಬ್ಬೆರಳು ಒತ್ತಿ" ಅಂದರು. ಅಲ್ಲಿ ಮಾತ್ರ ಬೆಳ್ಳಿ ತಗಡಿನ ಹಾಗೆ ಬಗ್ಗಿತು. ಹಳೆ ಲಾಂಛನ ಉಜ್ಜಿ ತೆಗೆದು ಹೊಸದು ಕೆತ್ತಿದ್ದಾರೆ. ಗೆರೆಗಳ ಅಂಚು ಬೆರಳಿಗೆ ಚುಚ್ಚುತ್ತದೆ. ಇನ್ನೂರು ವರ್ಷ ಪಾಲಿಶ್ ಮಾಡಿದ್ದರೆ ಹಾಗಿರುತ್ತಾ?

ಆ ಕಿರೀಟಕ್ಕೂ ಡ್ಯೂಕ್‌ಗೂ ಸಂಬಂಧವೇ ಇಲ್ಲವಂತೆ. ಡ್ಯೂಕ್ ಕಿರೀಟದ ಚಿತ್ರದಲ್ಲಿ ಐದು ಎಲೆ ಕಾಣಬೇಕು. ನನ್ನದರಲ್ಲಿ ಮೂರು. ಮೂರೆಲೆಯ ಕಿರೀಟ, ಅರ್ಧ ಸಿಂಹ ಎರಡೂ ಎಷ್ಟೋ ಸಾಮಾನ್ಯ ಮನೆತನಗಳಲ್ಲಿವೆ.

ವಾಪಸ್ ಹೋಗಿ ಕೇಳಿದೆ. "ಮಾಲೀಕರು ಬದಲಾದಾಗ ಅಳಿಸುವುದು ಮಾಮೂಲಿ" ಅಂದ. ಡ್ಯೂಕ್ ಅಂದಿರಲ್ಲ? "ಹಾಗಿರಬಹುದು ಅಂದೆ." ಇಲ್ಲ, ಅವನು ಹಾಗೆ ಹೇಳಲೇ ಇಲ್ಲ. ನನ್ನ ಕಿವಿಯಾರೆ ಕೇಳಿದ್ದೇನೆ. "ರಸೀದಿಯಲ್ಲಿ ಏನಿದೆ ಓದಿ" ಅಂದ. ಓದಿದೆ. 'ಮೂರನೇ ಜಾರ್ಜ್ ಕಾಲದ ಬೆಳ್ಳಿ ಟೀಪಾಟ್.' ಅಷ್ಟೇ. "ಇಷ್ಟಪಟ್ಟೇ ತಗೊಂಡಿರಿ, ಅಲ್ವಾ?" ಅಂತ ನಕ್ಕ.

ಮನೆತನದ ಹೆಸರು ಹೇಳಿ ಜಾಸ್ತಿ ಹಣ ಕೇಳಿದರೆ ಆ ಹೆಸರನ್ನು ರಸೀದಿಯಲ್ಲಿ ಬರೆಸಿ. ಬರೆಯದಿದ್ದರೆ ಎದ್ದು ಬನ್ನಿ. ಕೊಳ್ಳುವ ಮೊದಲು ಹಬೆ ಊದಿ, ಬೆರಳು ಒತ್ತಿ. ಅವನಿಗೆ ಸಿಟ್ಟು ಬಂದರೆ ಬರಲಿ.

ಮೊನ್ನೆ ಶನಿವಾರ ಅದೇ ಮೇಜಿನ ಮೇಲೆ ಇನ್ನೊಂದು ಟೀಪಾಟ್ ಇತ್ತು. ಒಬ್ಬ ವಯಸ್ಸಾದ ಹೆಂಗಸಿಗೆ ಕಿರೀಟ ತೋರಿಸುತ್ತಿದ್ದ.